ಅಂಧ-ಬಧಿರರ ಗುರುಗಳು: ಅವರ ಶಿಕ್ಷಣದ ಚರಿತ್ರೆ

ದಾನಗಳಲ್ಲಿ ವಿದ್ಯಾದಾನವು ಮೇಲೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ದಾನವು ಸಾರ್ಥಕವಾಗಬೇಕಾದರೆ ಕೊಡುವವನ ಕೈಯೂ ಕೊಳ್ಳುವವನ ಕೈಯೂ ಒಂದೆಡೆ ಸೇರಬೇಕು. ಗುರುವು ಬಾಯಿಂದ ನುಡಿಯುವನು, ಶಿಷ್ಯನು ಕಿವಿಯಿಂದ ಕೇಳುವನು. ಗುರುವು ಹಲಗೆಯ ಮೇಲೆ ಬರೆಯುವನು, ಶಿಷ್ಯನು ಕಣ್ಣಿಂದ ಓದುವನು. ಲೋಕದ ಪಾಠಶಾಲೆಗಳೆಲ್ಲವೂ ಈ ಎರಡು ದಾರಿಗಳನ್ನೇ ನಂಬಿ ನಡೆದವು. ಶಿಷ್ಯನಿಗೆ ಕಿವಿ ಕೇಳದಿದ್ದರೆ, ಕಣ್ಣು ಕಾಣದಿದ್ದರೆ, ಅಥವಾ ಅವನ ಬುದ್ಧಿಯ ನಡೆಯು ನಿಧಾನವಾಗಿದ್ದರೆ ಗುರುವು ಏನು ಮಾಡಬೇಕು? ಅಂಥವನಿಗೆ ವಿದ್ಯೆಯ ಯೋಗವಿಲ್ಲವೆಂದು ಬಹುಕಾಲದವರೆಗೆ ಲೋಕವು ಹೇಳಿ ಸುಮ್ಮನಾಯಿತು. ಈ ಮಾತು ಸುಳ್ಳೆಂದು ತೋರಿಸಿದ ಪ್ರಯತ್ನದ ಚರಿತ್ರೆಯು ಸುಮಾರು ನಾನೂರೈವತ್ತು ವರ್ಷಗಳದು. ಅದರಲ್ಲಿ ಶಾಲೆಗಳು ಹುಟ್ಟಿದ ಕಥೆಗಿಂತಲೂ ವಿಚಾರಾರ್ಹವಾದುದು ಆ ಶಾಲೆಗಳ ಗುರುಗಳು ಯಾರಿಂದ ಕಲಿತರೆಂಬ ಕಥೆ. ಗುರುವು ಶಿಷ್ಯನಿಂದ ಕಲಿಯಲು ಒಪ್ಪಿದಾಗಲೆಲ್ಲ ಈ ವಿದ್ಯೆಯು ಬೆಳೆಯಿತು. ವಿದ್ಯೆಯನ್ನು ಬಚ್ಚಿಟ್ಟಾಗಲೂ, ಶಿಷ್ಯನನ್ನು ಗುರುಪೀಠದಿಂದ ಕೆಳಗಿಳಿಸಿದಾಗಲೂ ಅದು ಸೊರಗಿತು. ಈ ಸತ್ಯವನ್ನು ಚರಿತ್ರೆಯು ಒಂದಲ್ಲ, ಹಲವು ಸಲ ಸಾರಿದೆ.

ಗುಪ್ತವಿದ್ಯೆಯ ಕಾಲ

ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದ ಓನ್ಯಾ ಎಂಬ ಊರಿನ ಕ್ರೈಸ್ತ ಮಠದಲ್ಲಿ ಪೆದ್ರೊ ಪೊನ್ಸೆ ದೆ ಲೆಯೋನ್ ಎಂಬ ಸನ್ಯಾಸಿಯಿದ್ದರು. ಶ್ರೀಮಂತ ಮನೆತನವೊಂದರ ಕಿವುಡ ಮಕ್ಕಳಿಗೆ ಇವರು ಓದು ಬರಹಗಳನ್ನೂ, ಕೆಲಮಟ್ಟಿಗೆ ಮಾತನ್ನೂ ಕಲಿಸಿದರು. ಕಿವುಡರಿಗೆ ವಿದ್ಯೆಯು ಸಾಧ್ಯವೆಂಬುದಕ್ಕೆ ಯುರೋಪಿನಲ್ಲಿ ದೊರೆತ ಮೊದಲ ದೃಢವಾದ ನಿದರ್ಶನಗಳಲ್ಲಿ ಇದೊಂದು. ಆದರೆ ೧೫೮೪ರಲ್ಲಿ ಪೊನ್ಸೆಯವರು ತೀರಿಕೊಂಡಾಗ ಅವರ ಕಾರ್ಯವನ್ನು ಮುಂದುವರಿಸುವ ಶಿಷ್ಯಪರಂಪರೆಯಿರಲಿಲ್ಲ. ೧೬೨೦ರಲ್ಲಿ ಹುವಾನ್ ಪಾಬ್ಲೊ ಬೊನೆತ್ ಎಂಬವರು ಮ್ಯಾಡ್ರಿಡ್ ಪಟ್ಟಣದಲ್ಲಿ ಈ ವಿಷಯವಾಗಿ ಪುಸ್ತಕವೊಂದನ್ನು ಪ್ರಕಟಿಸಿ, ಬೆರಳುಗಳ ವಿನ್ಯಾಸದಿಂದ ಅಕ್ಷರಗಳನ್ನು ತೋರಿಸುವ ಕ್ರಮವನ್ನು ಚಿತ್ರಗಳೊಡನೆ ವಿವರಿಸಿದರು. ಪುಸ್ತಕವು ಉಳಿಯಿತು, ಆದರೆ ಅದನ್ನು ಹಿಡಿದು ಕಲಿಸುವವರನ್ನು ಸಿದ್ಧಗೊಳಿಸುವ ಏರ್ಪಾಡು ಉಂಟಾಗಲಿಲ್ಲ.

ಬ್ರಿಟನ್ನಿನಲ್ಲಿ ೧೭೬೦ರ ಹೊತ್ತಿಗೆ ತಾಮಸ್ ಬ್ರೇಡ್‌ವುಡ್ ಎಂಬವರು ಎಡಿನ್‌ಬರೋ ನಗರದಲ್ಲಿ ಕಿವುಡರ ಶಾಲೆಯೊಂದನ್ನು ತೆರೆದರು. ಅವರ ಕೌಶಲವು ಪ್ರಸಿದ್ಧವಾಯಿತು. ಆದರೆ ಆ ಮನೆತನದವರು ತಮ್ಮ ಬೋಧನಕ್ರಮವನ್ನು ಮನೆಯ ಆಸ್ತಿಯಂತೆ ಕಾಪಾಡಿಕೊಂಡರು. ಕಲಿಯಲು ಬಂದವರಿಂದ ಗುಟ್ಟನ್ನು ಹೊರಗೆಡಹುವುದಿಲ್ಲವೆಂಬ ಕರಾರನ್ನು ಬೇಡಿದರು. ಹಣವುಳ್ಳವರ ಮಕ್ಕಳಿಗೆ ಮಾತ್ರ ಆ ವಿದ್ಯೆಯು ನಿಲುಕುವಂತಿತ್ತು. ಮನೆಯ ದೀಪವನ್ನು ಕೊಡದಲ್ಲಿಟ್ಟರೆ ಬೆಳಕು ಕೊಡಕ್ಕೆ ಮಾತ್ರ ಎಂಬಂತಾಯಿತು.

ಬಾಗಿಲು ತೆರೆದ ಗುರು

ಇದೇ ಕಾಲದಲ್ಲಿ ಫ್ರಾನ್ಸ್ ದೇಶದಲ್ಲಿ ಬೇರೊಂದು ಮಾರ್ಗವು ಹುಟ್ಟಿತು. ಶಾರ್ಲ್ ಮಿಶೆಲ್ ದ ಲೆಪೇ ಎಂಬ ಪಾದ್ರಿಯು (೧೭೧೨-೧೭೮೯) ಪಾರಿಸ್ ಪಟ್ಟಣದಲ್ಲಿ ಇಬ್ಬರು ಕಿವುಡ ಸೋದರಿಯರನ್ನು ಕಂಡು, ಅವರಿಗೆ ಧರ್ಮಬೋಧನೆಯು ದೊರೆಯದೆ ಹೋಗುವುದಲ್ಲಾ ಎಂದು ಮರುಗಿ, ಸುಮಾರು ೧೭೬೦ರಲ್ಲಿ ತಮ್ಮ ಮನೆಯಲ್ಲಿಯೇ ಶಾಲೆಯನ್ನು ಆರಂಭಿಸಿದರು. ಕಿವುಡರು ತಮ್ಮತಮ್ಮೊಳಗೆ ಕೈಸನ್ನೆಗಳಿಂದ ಮಾತನಾಡುವುದನ್ನು ಲೋಕವು ಅದುವರೆಗೆ ನೋಡಿಯೂ ನೋಡದಂತಿತ್ತು. ಲೆಪೇಯವರು ಅದೊಂದು ಭಾಷೆಯೆಂದು ಗುರುತಿಸಿ, ಮೊದಲು ತಾವೇ ಅದನ್ನು ಶಿಷ್ಯರಿಂದ ಕಲಿತರು. ಬಳಿಕ ಫ್ರೆಂಚ್ ವ್ಯಾಕರಣಕ್ಕೆ ಹೊಂದುವ ಸನ್ನೆಗಳನ್ನು ತಾವಾಗಿ ಕಲ್ಪಿಸಿ ಅದಕ್ಕೆ ಸೇರಿಸಿದರು. ಹೀಗೆ ಸೇರಿಸಿದ ಭಾಗವು ಕ್ಲಿಷ್ಟವಾಗಿದ್ದುದರಿಂದ ಕಾಲಕ್ರಮದಲ್ಲಿ ಬಿದ್ದುಹೋಯಿತು. ಶಿಷ್ಯರಿಂದ ಕಲಿತ ಭಾಗವೇ ಬಾಳಿತು.

ಲೆಪೇಯವರ ಎರಡನೆಯ ಹಿರಿಮೆಯು ಅವರ ಔದಾರ್ಯ. ಬಡವರ ಮಕ್ಕಳಿಗೆ ಅವರು ಉಚಿತವಾಗಿ ಕಲಿಸಿದರು. ಶಾಲೆಯ ಬಾಗಿಲನ್ನು ಜನರಿಗೆಲ್ಲ ತೆರೆದು, ಬಹಿರಂಗ ಸಭೆಗಳಲ್ಲಿ ಶಿಷ್ಯರ ಸಾಮರ್ಥ್ಯವನ್ನು ತೋರಿಸಿದರು. ೧೭೭೬ರಲ್ಲಿ ತಮ್ಮ ಕ್ರಮವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಕಲಿಸುವ ಬಗೆಯನ್ನು ಕಲಿಯಬಂದ ಪರದೇಶದವರನ್ನೂ ಸ್ವಾಗತಿಸಿದರು. ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫನು ಈ ಶಾಲೆಯನ್ನು ಕಂಡು ಮೆಚ್ಚಿ, ತನ್ನ ರಾಜ್ಯದ ಪಾದ್ರಿಯೊಬ್ಬರನ್ನು ತರಬೇತಿಗಾಗಿ ಇಲ್ಲಿಗೆ ಕಳುಹಿಸಿದನು. ತತ್ಫಲವಾಗಿ ೧೭೭೯ರಲ್ಲಿ ವಿಯೆನ್ನಾ ನಗರದಲ್ಲಿ ಕಿವುಡರ ಶಾಲೆಯು ಹುಟ್ಟಿತು. ಬೋರ್ಡೋ ನಗರದ ಧರ್ಮಾಧ್ಯಕ್ಷರು ಸಿಕಾರ್ ಎಂಬ ಪಾದ್ರಿಯನ್ನು ಕಳುಹಿಸಿದರು; ಅವರು ಕಲಿತು ಹಿಂದಿರುಗಿ ೧೭೮೬ರಲ್ಲಿ ಅಲ್ಲಿ ಶಾಲೆಯನ್ನು ತೆರೆದರು. ಹೀಗೆ ಒಂದು ಮನೆಯ ಶಾಲೆಯೇ ಅನೇಕ ದೇಶಗಳ ಉಪಾಧ್ಯಾಯರಿಗೆ ಗುರುಕುಲವಾಯಿತು.

ಬೋರ್ಡೋ ಶಾಲೆಯಲ್ಲಿ ಜಾನ್ ಮಾಸ್ಯೂ ಎಂಬ ಕಿವುಡ ಬಾಲಕನಿದ್ದನು. ಬಡ ಕುಟುಂಬದಲ್ಲಿ ಹುಟ್ಟಿ ಕುರಿ ಕಾಯುತ್ತಿದ್ದ ಈ ಹುಡುಗನು ಸಿಕಾರರ ಕೈಯಲ್ಲಿ ಬೆಳೆದು, ಲೆಪೇಯವರ ಮರಣಾನಂತರ ಗುರುವಿನೊಡನೆ ಪಾರಿಸಿಗೆ ಬಂದು ಅಲ್ಲಿ ಉಪಾಧ್ಯಾಯನಾದನು. ೧೭೯೨ರ ಕ್ರಾಂತಿಯ ಕೋಲಾಹಲದಲ್ಲಿ ಸಿಕಾರರು ಸೆರೆಗೆ ಬಿದ್ದಾಗ, ಅವರ ಬಿಡುಗಡೆಯನ್ನು ಬೇಡುವ ಬಿನ್ನಹಪತ್ರವನ್ನು ರಾಷ್ಟ್ರಸಭೆಯ ಮುಂದೆ ಇಟ್ಟವನು ಈ ಮಾಸ್ಯೂ. ಮಾತು ಬಾರದವನೆಂದು ಲೋಕವು ತಿಳಿದಿದ್ದವನು ಗುರುವಿನ ಪ್ರಾಣಕ್ಕಾಗಿ ವಾದಿಸಿದನು. ಮುಂದೆ ಲೊರಾಂ ಕ್ಲೇರ್ ಎಂಬ ಕಿವುಡ ಬಾಲಕನಿಗೆ ಈ ಮಾಸ್ಯೂವೇ ಗುರುವಾದನು.

ಐವತ್ತೆರಡು ದಿನಗಳ ಗುರುಕುಲ

೧೮೧೫ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ತಾಮಸ್ ಗ್ಯಾಲೊಡೆಟ್ ಎಂಬ ಧರ್ಮೋಪದೇಶಕರು ಕಿವುಡರಿಗೆ ಕಲಿಸುವ ಕ್ರಮವನ್ನು ಅರಿಯುವುದಕ್ಕೋಸ್ಕರ ಬ್ರಿಟನ್ನಿಗೆ ಬಂದರು. ಬ್ರೇಡ್‌ವುಡ್ ಮನೆತನದವರು ದೀರ್ಘಕಾಲದ ಸೇವೆಯನ್ನೂ ಗುಟ್ಟು ಕಾಯುವ ಕರಾರನ್ನೂ ಕೇಳಿದರು, ಗ್ಯಾಲೊಡೆಟರು ಒಪ್ಪಲಿಲ್ಲ. ಆಗ ಲಂಡನ್ನಿಗೆ ಬಂದಿದ್ದ ಸಿಕಾರರು ಅವರನ್ನು ಪಾರಿಸಿಗೆ ಬರುವಂತೆ ಆಮಂತ್ರಿಸಿದರು. ಅಲ್ಲಿ ಕೆಲವು ತಿಂಗಳು ಕಲಿತರೂ ಗ್ಯಾಲೊಡೆಟರ ವಿದ್ಯೆಯು ಪೂರ್ಣವಾಗಲಿಲ್ಲ. ಆಗ ಅವರು ಒಂದು ದಿಟ್ಟ ನಿರ್ಧಾರವನ್ನು ಮಾಡಿದರು: ಕಿವುಡ ಗುರುವಾದ ಲೊರಾಂ ಕ್ಲೇರರನ್ನೇ ಅಮೆರಿಕಕ್ಕೆ ಕರೆದೊಯ್ದರು.

೧೮೧೬ರ ಬೇಸಗೆಯಲ್ಲಿ ಹೊರಟ ಹಡಗು ಸಮುದ್ರದ ಮೇಲೆ ಐವತ್ತೆರಡು ದಿನಗಳಿದ್ದಿತು. ಆ ದಿನಗಳಲ್ಲಿ ಕ್ಲೇರರು ಗ್ಯಾಲೊಡೆಟರಿಗೆ ಸನ್ನೆಭಾಷೆಯನ್ನು ಕಲಿಸಿದರು. ಗ್ಯಾಲೊಡೆಟರು ಕ್ಲೇರರಿಗೆ ಇಂಗ್ಲಿಷನ್ನು ಕಲಿಸಿದರು. ಯಾರು ಗುರು, ಯಾರು ಶಿಷ್ಯ ಎಂಬ ಭೇದವು ಅಲ್ಲಿ ಉಳಿಯಲಿಲ್ಲ. ಉಪಾಧ್ಯಾಯರ ತರಬೇತಿಗೆ ಕಟ್ಟಡವೂ ಪೀಠೋಪಕರಣವೂ ಮುಖ್ಯವಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ದೊರೆಯುವುದು ಕಷ್ಟ. ೧೮೧೭ನೆಯ ಏಪ್ರಿಲ್ ೧೫ರಂದು ಹಾರ್ಟ್‌ಫರ್ಡ್ ನಗರದಲ್ಲಿ ಶಾಲೆಯು ತೆರೆಯಿತು. ಅಮೆರಿಕದ ಇತರ ಪ್ರಾಂತಗಳಲ್ಲಿ ಶಾಲೆಗಳನ್ನು ನಡೆಸಹೊರಟ ಅನೇಕರು ಮೊದಲು ಕ್ಲೇರರ ಬಳಿಗೆ ಬಂದು ಸನ್ನೆಭಾಷೆಯನ್ನು ಅಭ್ಯಾಸಮಾಡಿ ಹೋದರು. ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಅವರು ಈ ಕಾರ್ಯದಲ್ಲಿ ನಿರತರಾಗಿದ್ದರು.

ಬೆರಳಿನ ಕಣ್ಣು

ಅಂಧರ ಶಿಕ್ಷಣದಲ್ಲಿಯೂ ಇದೇ ಪಾಠವು ಪುನರಾವರ್ತನೆಯಾಯಿತು. ಪಾರಿಸಿನಲ್ಲಿ ವಾಲೆಂಟಿನ್ ಹೌಯ್ ಎಂಬವರು ೧೭೮೫ರ ಸುಮಾರಿಗೆ ಅಂಧರ ಶಾಲೆಯನ್ನು ಸ್ಥಾಪಿಸಿ, ಕಾಗದದ ಮೇಲೆ ಅಕ್ಷರಗಳನ್ನು ಉಬ್ಬಾಗಿ ಒತ್ತಿ, ಬೆರಳಿನಿಂದ ಓದುವ ಕ್ರಮವನ್ನು ತಂದರು. ಅದು ಪುಣ್ಯಕಾರ್ಯವೇ ಸರಿ. ಆದರೆ ಆ ಅಕ್ಷರಗಳು ಕಣ್ಣುಳ್ಳವರ ಅಕ್ಷರಗಳು. ಬೆರಳು ಅವನ್ನು ತಡವರಿಸುತ್ತ ಓದಬೇಕಾಗಿತ್ತು. ಅಂಧನು ತಾನಾಗಿ ಬರೆಯುವುದಂತೂ ದುಸ್ಸಾಧ್ಯವಾಗಿತ್ತು.

ಆ ಶಾಲೆಗೆ ೧೮೧೯ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಎಂಬ ಅಂಧ ಬಾಲಕನು ಸೇರಿದನು. ಸೈನ್ಯಾಧಿಕಾರಿಯಾಗಿದ್ದ ಬಾರ್ಬಿಯೆ ಎಂಬವರು ಹನ್ನೆರಡು ಚುಕ್ಕಿಗಳ ಒಂದು ಲಿಪಿಯನ್ನು ಕಲ್ಪಿಸಿದ್ದರು. ಒಂದು ಬೆರಳಿನ ತುದಿಗೆ ಹನ್ನೆರಡು ಚುಕ್ಕಿಗಳು ಒಮ್ಮೆಗೆ ನಿಲುಕವೆಂಬುದನ್ನು ಬಾಲಕನ ಬೆರಳು ಅರಿತಿತ್ತು. ಹದಿನೈದು ವರ್ಷದವನಾಗಿರುವಾಗಲೇ ಅವನು ಅವನ್ನು ಆರಕ್ಕೆ ಇಳಿಸಿದನು. ಆರು ಚುಕ್ಕಿಗಳಿಂದ ಅರುವತ್ತಮೂರು ವಿನ್ಯಾಸಗಳುಂಟಾಗುವುವು. ಅಕ್ಷರ, ಅಂಕೆ, ಸಂಗೀತದ ಸ್ವರಗಳು ಎಲ್ಲವೂ ಅದರಲ್ಲಿ ಅಡಕವಾಗುವುವು. ಮುಂದೆ ಬ್ರೈಲರು ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿ ೧೮೨೯ರಲ್ಲಿ ತಮ್ಮ ಲಿಪಿಯನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಅದನ್ನು ಆದರದಿಂದ ಅಪ್ಪಿಕೊಂಡರು. ಆದರೆ ಕಣ್ಣುಳ್ಳ ಅಧಿಕಾರಿಗಳು ತಮ್ಮ ಕಣ್ಣಿಗೆ ಅರ್ಥವಾಗದ ಲಿಪಿಯನ್ನು ಸಂಶಯದಿಂದ ನೋಡಿದರು. ಫ್ರಾನ್ಸ್ ದೇಶವು ಅದನ್ನು ಅಧಿಕೃತವಾಗಿ ಸ್ವೀಕರಿಸಿದ್ದು ೧೮೫೪ರಲ್ಲಿ. ಬ್ರೈಲರು ೧೮೫೨ರಲ್ಲಿಯೇ ತೀರಿಕೊಂಡಿದ್ದರು.

ನಿಧಾನ ಬುದ್ಧಿಯ ಮಕ್ಕಳು

೧೮೦೦ರಲ್ಲಿ ಫ್ರಾನ್ಸಿನ ಅವೆರೋನ್ ಪ್ರಾಂತದ ಕಾಡಿನಿಂದ ಬಂದ ಬಾಲಕನೊಬ್ಬನನ್ನು ಪಾರಿಸಿನ ಕಿವುಡರ ಶಾಲೆಗೆ ತಂದರು. ಅವನಿಗೆ ಮಾತಿರಲಿಲ್ಲ, ಮನುಷ್ಯರ ರೀತಿನೀತಿಗಳಿರಲಿಲ್ಲ. ಅಲ್ಲಿನ ವೈದ್ಯರಾದ ಇತಾರರು ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು, ಸುಮಾರು ಐದು ವರ್ಷಗಳ ಕಾಲ ತಾಳ್ಮೆಯಿಂದ ಕಲಿಸಿದರು. ಬಾಲಕನು ಕೆಲವು ಲಿಖಿತ ಪದಗಳನ್ನು ಗುರುತಿಸಲು ಕಲಿತನು, ಸ್ನೇಹವನ್ನೂ ದುಃಖವನ್ನೂ ತೋರಿಸಿದನು, ಆದರೆ ಮಾತನಾಡಲಿಲ್ಲ. ಸನ್ನೆಭಾಷೆಯೇ ಉಸಿರಾಗಿದ್ದ ಶಾಲೆಯಲ್ಲಿದ್ದೂ ಇತಾರರು ಅವನಿಗೆ ಸನ್ನೆಗಳನ್ನು ಕಲಿಸಲು ಯತ್ನಿಸದೆ ಮಾತಿಗಾಗಿಯೇ ಶ್ರಮಿಸಿದರೆಂಬುದನ್ನು ಈಚಿನ ವಿದ್ವಾಂಸರು ಎತ್ತಿ ತೋರಿಸಿರುವರು. ಇತಾರರು ತಾವು ಸೋತೆವೆಂದೇ ಭಾವಿಸಿದರು. ಆದರೂ ಪ್ರತಿಯೊಂದು ಪ್ರಯತ್ನವನ್ನೂ ಅದರ ಫಲವನ್ನೂ ಮರೆಮಾಚದೆ ಬರೆದಿಟ್ಟುದರಿಂದ ಅವರ ಸೋಲು ಮುಂದಿನವರಿಗೆ ಪಾಠಪುಸ್ತಕವಾಯಿತು.

ಇತಾರರಿಂದ ಪ್ರೇರಿತರಾದ ಎಡ್ವರ್ಡ್ ಸೆಗ್ವಿನ್ನರು (೧೮೧೨-೧೮೮೦) ಕೈ, ಕಾಲು, ಕಣ್ಣು, ಸ್ಪರ್ಶಗಳ ಅಭ್ಯಾಸದಿಂದ ಬುದ್ಧಿಯನ್ನು ಎಚ್ಚರಿಸುವ ಕ್ರಮವನ್ನು ರೂಪಿಸಿ, ಅದನ್ನು ಅಮೆರಿಕಕ್ಕೂ ಕೊಂಡೊಯ್ದರು. ಇವರಿಬ್ಬರ ಬರಹಗಳನ್ನು ಇಟಲಿಯ ವೈದ್ಯೆ ಮಾರಿಯಾ ಮಾಂಟೆಸೊರಿಯವರು ತಮ್ಮ ಕೈಯಿಂದಲೇ ಇಟಲಿಯ ಭಾಷೆಯಲ್ಲಿ ಬರೆದುಕೊಂಡು ಮನನಮಾಡಿದರು. ೧೯೦೦ರಲ್ಲಿ ರೋಮ್ ನಗರದಲ್ಲಿ ಬುದ್ಧಿಮಾಂದ್ಯವುಳ್ಳ ಮಕ್ಕಳ ಉಪಾಧ್ಯಾಯರಿಗಾಗಿಯೇ ಒಂದು ತರಬೇತಿ ಶಾಲೆಯು ತೆರೆದಾಗ ಅದರ ನಿರ್ವಾಹಕರಲ್ಲಿ ಅವರೊಬ್ಬರು. ಅಲ್ಲಿ ಉಪಾಧ್ಯಾಯರು ಹಗಲೆಲ್ಲ ಮಕ್ಕಳ ನಡುವೆ ಇದ್ದು ಅವರನ್ನು ನಿರೀಕ್ಷಿಸಬೇಕು. ಕಲಿಸುವ ಮುನ್ನ ನೋಡಲು ಕಲಿಯಬೇಕು. ಈ ಅನುಭವವನ್ನೇ ೧೯೦೭ರಲ್ಲಿ ಅವರು ಸಾಮಾನ್ಯ ಮಕ್ಕಳ ಶಿಕ್ಷಣಕ್ಕೆ ಅನ್ವಯಿಸಿದರು. ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು ಭಾರತದ ಉಪಾಧ್ಯಾಯರಿಗೂ ತರಬೇತು ಕೊಟ್ಟರು. ಇಂದು ಊರೂರಿನ ಶಿಶುವಿಹಾರಗಳಲ್ಲಿ ಕಾಣುವ ಮಾಂಟೆಸೊರಿ ಸಾಮಗ್ರಿಗಳ ಮೂಲವು ಲೋಕವು ದಡ್ಡರೆಂದು ಕೈಬಿಟ್ಟ ಮಕ್ಕಳ ಸಾನ್ನಿಧ್ಯದಲ್ಲಿದೆ.

ಅಂಗೈಯಲ್ಲಿ ಬರೆದ ಪಾಠ

ಅಮೆರಿಕದ ಬಾಸ್ಟನ್ ನಗರದ ಪರ್ಕಿನ್ಸ್ ಅಂಧಶಾಲೆಯಲ್ಲಿ ಸ್ಯಾಮ್ಯುಯೆಲ್ ಹೋ ಎಂಬ ವೈದ್ಯರು ೧೮೩೭ರಿಂದ ಲಾರಾ ಬ್ರಿಜ್‌ಮನ್ ಎಂಬ ಅಂಧ-ಬಧಿರ ಬಾಲೆಗೆ ಸ್ಪರ್ಶದಿಂದಲೇ ಭಾಷೆಯನ್ನು ಕಲಿಸಿದ್ದರು. ೧೮೮೦ರಲ್ಲಿ ಆ ಶಾಲೆಗೆ ಆನ್ ಸಲಿವನ್ ಎಂಬ ಅನಾಥ ಬಾಲಿಕೆಯು ಬಂದಳು. ಕಣ್ಣಿನ ರೋಗದಿಂದ ಅವಳ ದೃಷ್ಟಿಯು ಬಹಳಮಟ್ಟಿಗೆ ನಷ್ಟವಾಗಿತ್ತು. ಆಗ ನಡುವಯಸ್ಸು ದಾಟಿದ್ದ ಲಾರಾಳೊಡನೆ ಮಾತನಾಡುವುದಕ್ಕಾಗಿ ಅವಳು ಬೆರಳಕ್ಷರಗಳನ್ನು ಕಲಿತಳು. ಅಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಹೋ ಅವರ ದಾಖಲೆಗಳನ್ನು ತಿಂಗಳುಗಟ್ಟಲೆ ಓದಿ, ೧೮೮೭ನೆಯ ಮಾರ್ಚ್ ೩ರಂದು ಹೆಲೆನ್ ಕೆಲರ್ ಎಂಬ ಆರು ವರ್ಷದ ಬಾಲೆಯ ಮನೆಗೆ ಗುರುವಾಗಿ ಹೋದಳು. ಅಂಗೈಯಲ್ಲಿ ಅಕ್ಷರಗಳನ್ನು ಬರೆದು ಬರೆದು, ಸುಮಾರು ಒಂದು ತಿಂಗಳ ಮೇಲೆ, ಬಾವಿಯ ಬಳಿ ನೀರು ಕೈಮೇಲೆ ಸುರಿಯುತ್ತಿರುವಾಗ, ವಸ್ತುವಿಗೆ ಹೆಸರಿದೆಯೆಂಬ ಅರಿವು ಬಾಲೆಗೆ ಉದಿಸಿತು. ಆ ಬಳಿಕ ಸಲಿವನ್ನರು ವೇಳಾಪಟ್ಟಿಯ ಪಾಠಗಳನ್ನು ಬಿಟ್ಟು, ತಾಯಿಯು ಹಸುಗೂಸಿನ ಕಿವಿಯಲ್ಲಿ ಮಾತನಾಡುವಂತೆ ಬಾಲೆಯ ಅಂಗೈಯಲ್ಲಿ ದಿನವೆಲ್ಲ ಮಾತನಾಡುವ ಮಾರ್ಗವನ್ನು ಹಿಡಿದರು. ಅವರ ಗೆಲುವನ್ನು ಲೋಕವು ಪವಾಡವೆಂದಿತು. ಆದರೆ ಆ ಪವಾಡದ ಹಿಂದೆ ಆರು ವರ್ಷಗಳ ಶಾಲಾವಾಸವೂ, ಲಾರಾ ಎಂಬ ಅಂಧ-ಬಧಿರ ಸ್ತ್ರೀಯ ಕೈಯಿಂದ ಬಂದ ಶಿಕ್ಷಣವೂ ಇದ್ದುವು.

ಮಿಲಾನಿನ ನಿರ್ಣಯ

ಸಲಿವನ್ನರು ಪರ್ಕಿನ್ಸ್ ಶಾಲೆಗೆ ಸೇರಿದ ವರ್ಷವೇ, ಎಂದರೆ ೧೮೮೦ರ ಸೆಪ್ಟೆಂಬರಿನಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಉಪಾಧ್ಯಾಯರ ಅಂತರರಾಷ್ಟ್ರೀಯ ಸಮ್ಮೇಳನವು ನೆರೆಯಿತು. ೧೬೪ ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ತುಟಿಯ ಚಲನೆಯನ್ನು ನೋಡಿ ಅರಿತು ಬಾಯಿಂದ ಮಾತನಾಡುವುದೇ ಉತ್ತಮ ಕ್ರಮವೆಂದೂ, ಸನ್ನೆಗಳಿಂದ ಅದಕ್ಕೆ ಹಾನಿಯೆಂದೂ ಸಭೆಯು ಭಾರಿ ಬಹುಮತದಿಂದ ನಿರ್ಣಯಿಸಿತು. ಮಾತು ಕಲಿಸಬೇಕೆಂಬ ಉದ್ದೇಶದಲ್ಲಿ ದೋಷವಿರಲಿಲ್ಲ. ಕೇಳುವ ಶಕ್ತಿಯು ಸ್ವಲ್ಪ ಉಳಿದಿರುವ ಮಕ್ಕಳಿಗೆ ಅದು ಉಪಯುಕ್ತವೂ ಹೌದು. ಆದರೆ ಎಲ್ಲರಿಗೂ ಒಂದೇ ಮದ್ದೆಂಬ ಹಠವು ದೋಷವಾಯಿತು. ಅದರಿಂದ ಮೊದಲು ಪೆಟ್ಟು ತಿಂದವರು ಕಿವುಡ ಗುರುಗಳು. ಬಾಯಿಮಾತನ್ನು ಕಿವುಡನು ಕಲಿಸಲಾರನೆಂಬ ಕಾರಣದಿಂದ ಯುರೋಪಿನ ಶಾಲೆಗಳು ಅವರನ್ನು ಒಬ್ಬೊಬ್ಬರಾಗಿ ಹೊರಗಿಟ್ಟವು. ಲೆಪೇಯವರ ಪಾರಿಸ್ ಶಾಲೆಯೂ ಇದಕ್ಕೆ ಹೊರತಾಗಲಿಲ್ಲ. ಅಮೆರಿಕದ ವಾಷಿಂಗ್ಟನ್ ನಗರದ ಕಿವುಡರ ಕಾಲೇಜಿನಲ್ಲಿ ೧೮೯೧ರಲ್ಲಿ ಉಪಾಧ್ಯಾಯರ ತರಬೇತಿ ವಿಭಾಗವು ತೆರೆದಾಗಲೂ ಕಿವಿಯುಳ್ಳವರಿಗೆ ಮಾತ್ರ ಪ್ರವೇಶವಿತ್ತು. ಕಿವುಡರ ಕಾಲೇಜು, ಆದರೆ ಕಿವುಡರಿಗೆ ಕಲಿಸುವ ವಿದ್ಯೆಯು ಕಿವುಡರಿಗಿಲ್ಲ!

ಇದರ ನಷ್ಟವನ್ನು ಅನುಭವಿಸಿದವರು ಮಕ್ಕಳು. ಭಾಷೆಯೇ ಇಲ್ಲದೆ ಬಾಲ್ಯವನ್ನು ಕಳೆದು, ಕೆಲವೇ ಪದಗಳ ಉಚ್ಚಾರಣೆಗಾಗಿ ವರ್ಷಗಳನ್ನು ವ್ಯಯಿಸಿದವರು ಅನೇಕರು. ತನ್ನಂತೆಯೇ ಇರುವ ವಿದ್ಯಾವಂತನೊಬ್ಬನನ್ನು ಶಾಲೆಯಲ್ಲಿ ಕಾಣುವ ಭಾಗ್ಯವೂ ಅವರಿಗೆ ತಪ್ಪಿತು. ೧೯೬೦ರಲ್ಲಿ ವಿಲಿಯಂ ಸ್ಟೋಕಿ ಎಂಬ ವಿದ್ವಾಂಸರು ಸನ್ನೆಭಾಷೆಗೂ ತನ್ನದೇ ಆದ ನಿಯಮಬದ್ಧ ರಚನೆಯಿದೆಯೆಂದು ಭಾಷಾಶಾಸ್ತ್ರದ ಮೂಲಕ ತೋರಿಸಿದ ಮೇಲೆ ಗಾಳಿಯು ತಿರುಗಿತು. ಕಟ್ಟಕಡೆಗೆ ೨೦೧೦ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನೆರೆದ ಅದೇ ಸಮ್ಮೇಳನವು ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದವನ್ನು ಸೂಚಿಸಿತು. ತಪ್ಪನ್ನು ಒಪ್ಪಿಕೊಳ್ಳಲು ನೂರ ಮೂವತ್ತು ವರ್ಷಗಳು ಬೇಕಾದವು.

ಭಾರತದಲ್ಲಿಯೂ ಕನ್ನಡ ನಾಡಿನಲ್ಲಿಯೂ

ಭಾರತದಲ್ಲಿ ಕಿವುಡರ ಶಾಲೆಗಳು ೧೮೮೦ರ ದಶಕದಲ್ಲಿ ಮುಂಬಯಿಯಲ್ಲಿಯೂ, ೧೮೯೩ರಲ್ಲಿ ಕಲ್ಕತ್ತೆಯಲ್ಲಿಯೂ ಹುಟ್ಟಿದವು. ಕಲ್ಕತ್ತೆಯ ಶಾಲೆಯ ಜಾಮಿನಿನಾಥ ಬ್ಯಾನರ್ಜಿಯವರು ಇಂಗ್ಲೆಂಡು ಅಮೆರಿಕಗಳಿಗೆ ಹೋಗಿ ತರಬೇತನ್ನು ಪಡೆದು ಬಂದರು. ಅಂಧರಿಗಾಗಿ ೧೮೮೭ರಲ್ಲಿ ಅಮೃತಸರದಲ್ಲಿ ಶಾಲೆಯು ಆರಂಭವಾಯಿತು. ಮೈಸೂರಿನಲ್ಲಿ ೧೯೦೧ರಲ್ಲಿ ಅಂಧರಿಗೂ ಬಧಿರರಿಗೂ ಪಾಠಶಾಲೆಯು ಏರ್ಪಟ್ಟಿತು. ಬ್ರೈಲ್ ಲಿಪಿಯನ್ನು ದೇಶಭಾಷೆಗಳಿಗೆ ಹೊಂದಿಸಿದ ಹಲವು ಕ್ರಮಗಳು ಬೇರೆಬೇರೆಯಾಗಿ ರೂಢಿಯಲ್ಲಿದ್ದವು. ಒಂದೆಡೆ ತರಬೇತಾದ ಉಪಾಧ್ಯಾಯನಿಗೆ ಮತ್ತೊಂದೆಡೆಯ ಪುಸ್ತಕವು ತಿಳಿಯುತ್ತಿರಲಿಲ್ಲ. ೧೯೫೧ರಲ್ಲಿ ಭಾರತಿ ಬ್ರೈಲ್ ಎಂಬ ಸಮಾನ ಲಿಪಿಯು ಸ್ವೀಕೃತವಾಗಿ, ಕನ್ನಡವೂ ಅದರೊಳಗೆ ಸ್ಥಾನವನ್ನು ಪಡೆಯಿತು.

ಇಂಥ ಸರಕಾರದ ಪ್ರಯತ್ನಗಳಿಂದ ಬೇರೆಯಾಗಿ, ಉತ್ತರ ಕರ್ನಾಟಕದಲ್ಲಿ ದೇಶೀಯವಾದ ಪರಂಪರೆಯೊಂದು ಬೆಳೆಯಿತು. ಹಾನಗಲ್ಲ ಕುಮಾರ ಶಿವಯೋಗಿಗಳು ಗದಿಗೆಯ್ಯ ಎಂಬ ಹುಟ್ಟುಕುರುಡ ಬಾಲಕನ ಕಂಠಮಾಧುರ್ಯವನ್ನು ಗುರುತಿಸಿ, ಅವನಿಗೆ ಸಂಗೀತದ ಶಿಕ್ಷಣವನ್ನು ಕೊಡಿಸಿದರು. ಆ ಬಾಲಕನೇ ಕರ್ನಾಟಕ ಹಿಂದುಸ್ತಾನಿ ಎಂಬ ಉಭಯ ಪದ್ಧತಿಗಳಲ್ಲಿ ನಿಷ್ಣಾತರಾದ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪). ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳೂ ಅನಾಥ ಮಕ್ಕಳೂ ಅನ್ನ, ಆಶ್ರಯ, ಸಂಗೀತವಿದ್ಯೆಗಳನ್ನು ಪಡೆದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಅವರ ಶಿಷ್ಯರಾಗಿ, ಗುರುವಿನ ತರುವಾಯ ಆ ಆಶ್ರಮವನ್ನು ಆರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಆಶ್ರಮದ ಪೋಷಣೆಗಾಗಿ ನಾಟಕ ಮಂಡಲಿಯನ್ನೂ ಮುನ್ನಡೆಸಿದರು. ಅಲ್ಲಿ ಅಂಧ ಗುರುವು ಅಂಧ ಶಿಷ್ಯನಿಗೆ ಸ್ವರವನ್ನು ಕಿವಿಯಿಂದಲೂ, ವಾದ್ಯದ ಮೇಲಿನ ಬೆರಳಿನ ನೆಲೆಯನ್ನು ಕೈಹಿಡಿದೂ ತೋರಿಸಿದನು. ಶಿಷ್ಯನು ಮುಂದೆ ತಾನೇ ಗುರುವಾದನು. ಬಸವರಾಜ ರಾಜಗುರುಗಳಂಥ ಕಣ್ಣುಳ್ಳ ಮಹಾಗಾಯಕರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದರೆಂಬುದನ್ನು ನೆನೆದರೆ, ಅಂಧನು ಅಂಧರಿಗೆ ಮಾತ್ರ ಗುರುವೆಂಬ ಮಿತಿಯೂ ಅಲ್ಲಿ ಹರಿದುಬಿದ್ದಿತ್ತೆಂದು ತಿಳಿಯುವುದು. ಪಾರಿಸಿನಲ್ಲಿ ಮಾಸ್ಯೂವಿನಿಂದ ಕ್ಲೇರರಿಗೆ ಹರಿದುಬಂದ ಧಾರೆಯನ್ನು ಕನ್ನಡ ನಾಡು ತನ್ನದೇ ಆದ ರೀತಿಯಲ್ಲಿ ಕಂಡಿತು.

ಶಾಸ್ತ್ರೀಯವಾದ ತರಬೇತಿಯು ಸ್ವಾತಂತ್ರ್ಯಾನಂತರ ವಿಸ್ತರಿಸಿತು. ೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಗಿ, ಮಾತು ಮತ್ತು ಶ್ರವಣದ ದೋಷಗಳನ್ನು ಪರೀಕ್ಷಿಸಿ ತಿದ್ದಬಲ್ಲ ತಜ್ಞರನ್ನು ಸಿದ್ಧಗೊಳಿಸತೊಡಗಿತು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯು ವಿಶೇಷ ಉಪಾಧ್ಯಾಯರ ಪಾಠಕ್ರಮಕ್ಕೆ ದೇಶವ್ಯಾಪಿಯಾದ ಮಟ್ಟವನ್ನು ಗೊತ್ತುಪಡಿಸಿ, ತರಬೇತಾದವರ ಹೆಸರುಗಳನ್ನು ದಾಖಲಿಸುವ ವ್ಯವಸ್ಥೆಯನ್ನು ಮಾಡಿತು. ೨೦೧೫ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರವು ಹುಟ್ಟಿತು. ಸನ್ನೆಭಾಷೆಯನ್ನು ಕಲಿಸುವ ಗುರುಗಳಾಗಿ ಕಿವುಡರೇ ಅಲ್ಲಿ ತರಬೇತು ಹೊಂದುವರು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಹದಿನೇಳನೆಯ ವಿಧಿಯು, ಸನ್ನೆಭಾಷೆಯಲ್ಲಿಯೂ ಬ್ರೈಲಿನಲ್ಲಿಯೂ ಅರ್ಹತೆಯುಳ್ಳ ಅಂಗವಿಕಲ ಉಪಾಧ್ಯಾಯರನ್ನು ಸೇರಿಸಿಕೊಂಡು ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದು ವಿಧಿಸಿತು. ಮಿಲಾನಿನಲ್ಲಿ ಮುಚ್ಚಿದ ಬಾಗಿಲನ್ನು ಈ ವಿಧಿಯು ನ್ಯಾಯವಾಗಿ ತೆರೆದಿದೆ. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ತರಗತಿಗಳಲ್ಲಿ ಹತ್ತು ಮಂದಿ ವಿಶೇಷ ಮಕ್ಕಳಿಗೆ ಒಬ್ಬರಂತೆಯೂ, ಮೇಲಿನ ತರಗತಿಗಳಲ್ಲಿ ಹದಿನೈದು ಮಂದಿಗೆ ಒಬ್ಬರಂತೆಯೂ ವಿಶೇಷ ಉಪಾಧ್ಯಾಯರಿರಬೇಕೆಂಬ ಪ್ರಮಾಣವನ್ನು ತಾತ್ಕಾಲಿಕವಾಗಿ ಗೊತ್ತುಮಾಡಿತು.

ಕಾಯಿದೆಯಿಂದ ಹುದ್ದೆಯು ಹುಟ್ಟಬಹುದು, ಪಾಠಕ್ರಮದಿಂದ ಪದವಿಯು ಬರಬಹುದು. ಗುರುತ್ವವು ಮಾತ್ರ ಶಿಷ್ಯನ ಬಳಿ ಕುಳಿತು ಸಂಪಾದಿಸತಕ್ಕುದು. ಕಿವುಡರ ಗುರುವಾಗಬೇಕೆನ್ನುವವನು ಕಿವುಡರ ಕೈಗಳನ್ನು ಓದಬೇಕು. ಅಂಧರ ಗುರುವಾಗಬೇಕೆನ್ನುವವನು ತನ್ನ ಬೆರಳಿಗೆ ಕಣ್ಣು ಬರಿಸಿಕೊಳ್ಳಬೇಕು. ನಿಧಾನವಾಗಿ ಕಲಿಯುವ ಮಗುವಿನ ಗುರುವು ಆ ನಿಧಾನವನ್ನೇ ತನ್ನ ಹೆಜ್ಜೆಯಾಗಿ ಮಾಡಿಕೊಳ್ಳಬೇಕು. ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ವ್ರತವಾಗಿ ಹಿಡಿದ ಮಠಗಳ ನಾಡಿನಲ್ಲಿ ಪಂಕ್ತಿಯ ಕೊನೆಯಲ್ಲಿ ಕುಳಿತ ಮಗುವಿಗೂ ಎಲೆ ಬರಿದಾಗಿ ಉಳಿಯಬಾರದು. ಆ ಎಲೆಗೆ ಬಡಿಸಬಲ್ಲವರನ್ನು ಸಿದ್ಧಗೊಳಿಸುವುದೂ, ಅಂದು ಉಂಡ ಮಗುವೇ ನಾಳೆ ಬಡಿಸುವ ಕೈಯಾಗುವಂತೆ ನೋಡಿಕೊಳ್ಳುವುದೂ ವಿದ್ಯಾದಾನದ ಪೂರ್ಣತೆ.